ಎಣ್ಣೆಕಾಳು ಬೆಳೆಗಳಲ್ಲಿ ಬೆಳವಣಿಗೆ ನಿಯಂತ್ರಕಗಳು

ಶೇಂಗಾ, ಸೂರ್ಯಕಾಂತಿ, ಎಳ್ಳು, ಹರಳು, ಕುಸುಬೆ, ಸೋಯಾಬೀನ್ ಮೊದಲಾದ ಬೆಳೆಗಳಿಗೆ ಸಸ್ಯ ಹಾರ್ಮೋನುಗಳನ್ನೋ, ಅವುಗಳಂತೆ ಅಥವಾ ಅವುಗಳಿಗೆ ಎದುರಾಗಿ ಕೆಲಸ ಮಾಡುವ ರಾಸಾಯನಿಕಗಳನ್ನೋ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು, ಹೂ ನಿಲ್ಲುವುದು, ಕಾಯಿ ಕಟ್ಟುವುದು, ಕಾಳು ತುಂಬುವುದು ಇವನ್ನು ಬೇಕಾದ ಕಡೆಗೆ ತಿರುಗಿಸಿ ಇಳುವರಿ ಹೆಚ್ಚಿಸಿಕೊಳ್ಳುವ ಕ್ರಮಕ್ಕೆ ಬೆಳವಣಿಗೆ ನಿಯಂತ್ರಕಗಳ ಬಳಕೆ ಎನ್ನುತ್ತಾರೆ. ಬೀಜೋಪಚಾರ, ಎಲೆಗಳ ಮೇಲೆ ಸಿಂಪರಣೆ, ತೆಂಗಿನಂಥ ಮರಗಳಲ್ಲಿ ಬೇರಿನ ಮೂಲಕ ಉಣಿಸುವುದು ಇದರ ಮುಖ್ಯ ವಿಧಾನಗಳು. ಗೊಬ್ಬರ ಗಿಡಕ್ಕೆ ಆಹಾರವಾಗುತ್ತದೆ. ನಿಯಂತ್ರಕ ಆಹಾರವಲ್ಲ, ಗಿಡ ತಾನೇ ತಯಾರಿಸಿಕೊಂಡ ಆಹಾರ ಎಲೆಗೆ ಹೋಗಬೇಕೋ ಕಾಯಿಗೆ ಹೋಗಬೇಕೋ ಎಂಬುದನ್ನು ಅದು ಬದಲಿಸುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ಹಾರ್ಮೋನು’ ಎಂದರೆ ಗಿಡ ತನ್ನೊಳಗೇ ಉತ್ಪಾದಿಸಿಕೊಳ್ಳುವ ಸಂದೇಶವಾಹಕ ವಸ್ತು. ‘ಬೆಳವಣಿಗೆ ನಿಯಂತ್ರಕ’ ಎಂಬುದು ಹೆಚ್ಚು ವಿಶಾಲವಾದ ಹೆಸರು. ಹಾರ್ಮೋನುಗಳ ಜೊತೆಗೆ ಕಾರ್ಖಾನೆಯಲ್ಲಿ ತಯಾರಾದ ಸಂಯುಕ್ತಗಳೂ ಇದರಲ್ಲಿ ಸೇರುತ್ತವೆ. ಗಿಡದ ಎತ್ತರವನ್ನು ಕುಗ್ಗಿಸುವವನ್ನು ‘ಬೆಳವಣಿಗೆ ಕುಂಠಕ’ ಎಂದು ಪ್ರತ್ಯೇಕಿಸಲಾಗಿದೆ. ಕಡಲಪಾಚಿಯ ಸಾರ, ಹ್ಯೂಮಿಕ್ ಆಮ್ಲ, ಅಮೈನೊ ಆಮ್ಲಗಳಂಥವು ‘ಜೈವಿಕ ಉತ್ತೇಜಕ’ಗಳು. ಅಂಗಡಿಯಲ್ಲಿ ಇವೆಲ್ಲಕ್ಕೂ ‘ಟಾನಿಕ್’ ಎಂಬ ಒಂದೇ ಮಾತು ನಡೆಯುತ್ತದೆ. ಸಾಮರ್ಥ್ಯದಲ್ಲೂ ಕಾನೂನಿನ ದೃಷ್ಟಿಯಲ್ಲೂ ಬೇರೆಬೇರೆಯಾದ ಮೂರು ಗುಂಪುಗಳು ಆ ಒಂದು ಮಾತಿನಡಿ ಕಲಸಿಹೋಗುವುದರಿಂದ ಇಲ್ಲಿ ಅದನ್ನು ಬಳಸಿಲ್ಲ. ದ್ರಾವಣದ ಸಾಂದ್ರತೆಯನ್ನು ಪಿಪಿಎಂನಲ್ಲಿ ಹೇಳಲಾಗಿದೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ವಸ್ತುವಿದ್ದರೆ ಒಂದು ಪಿಪಿಎಂ.

ಸಂಶೋಧನೆಯ ಹಿನ್ನೆಲೆ

ಮೊಳಕೆ ಬೆಳಕಿನತ್ತ ಬಾಗುವುದಕ್ಕೆ ಅದರ ತುದಿಯಿಂದ ಕೆಳಗಿಳಿಯುವ ಯಾವುದೋ ಪ್ರಭಾವ ಕಾರಣ ಎಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ 1880ರಲ್ಲಿ ತೋರಿಸಿದರು. ಆ ವಸ್ತುವನ್ನು ಓಟ್ಸ್ ಮೊಳಕೆಯ ತುದಿಯಿಂದ ಅಗಾರ್ ತುಂಡಿಗೆ ಇಳಿಸಿಕೊಂಡು ಅದರ ಇರವನ್ನು ಸಾಬೀತುಪಡಿಸಿದವನು 1920ರ ದಶಕದ ಉತ್ತರಾರ್ಧದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್. ಅದೇ ಆಕ್ಸಿನ್.

ಜಿಬ್ಬರೆಲಿನ್ ಸಿಕ್ಕಿದ್ದು ಭತ್ತದ ಗದ್ದೆಯ ಒಂದು ರೋಗದಿಂದ. ಸಸಿಗಳು ಅಸಹಜವಾಗಿ ನೀಳವಾಗಿ ಬೆಳೆದು, ಬಿಳಿಚಿಕೊಂಡು ಸಾಯುವ ಬಕಾನೆ ರೋಗಕ್ಕೆ ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಕಾರಣವೆಂದು ಜಪಾನಿನ ಎಯಿಚಿ ಕುರೊಸಾವಾ 1926ರಲ್ಲಿ ಕಂಡುಕೊಂಡನು. ಟೀಜಿರೊ ಯಬುತಾ 1935ರಲ್ಲಿ ಅದಕ್ಕೆ ಹೆಸರಿಟ್ಟನು. 1960ರ ದಶಕದ ಗಿಡ್ಡ ತಳಿಯ ಭತ್ತವೂ ಗೋಧಿಯೂ ಇದೇ ಹಾರ್ಮೋನಿಗೆ ಸಂಬಂಧಿಸಿದ ವಂಶವಾಹಿಗಳ ಬದಲಾವಣೆಯಿಂದ ಗಿಡ್ಡವಾದವು ಎಂಬುದು ಬಹಳ ತಡವಾಗಿ ತಿಳಿದ ಸಂಗತಿ. ಎಣ್ಣೆಕಾಳಿಗೆ ಅಂಥ ಭಾಗ್ಯ ಆ ಕಾಲದಲ್ಲಿ ಬರಲಿಲ್ಲ.

ಕಾಯಿ ಮಾಗಿಸುವ ಅನಿಲವಾದ ಎಥಿಲೀನಿನ ಪರಿಣಾಮವನ್ನು ರಷ್ಯಾದ ದಿಮಿತ್ರಿ ನೆಲ್ಯುಬೋವ್ 1901ರಲ್ಲಿ ಬಟಾಣಿ ಸಸಿಗಳ ಮೇಲೆ ಗುರುತಿಸಿದ್ದನು. ಕೋಶ ವಿಭಜನೆಯನ್ನು ಚುರುಕುಗೊಳಿಸುವ ಕೈನೆಟಿನ್ 1955ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ಅವರ ಪ್ರಯೋಗಾಲಯದಲ್ಲಿ ದೊರೆಯಿತು. ಅದಕ್ಕೂ ಮೊದಲು, 1941ರಲ್ಲೇ, ಬೇರ್ಪಡಿಸಿದ ಭ್ರೂಣಗಳನ್ನು ಬೆಳೆಸಲು ತೆಂಗಿನಕಾಯಿಯ ದ್ರವ ಬಳಕೆಯಾಗಿತ್ತು. ಅದರ ಗುಟ್ಟು ಸೈಟೊಕೈನಿನ್ ಎಂಬುದು ನಂತರ ಬಯಲಾಯಿತು. ಅಬ್ಸಿಸಿಕ್ ಆಮ್ಲ 1960ರ ದಶಕದ ಆರಂಭದಲ್ಲಿ ಪತ್ತೆಯಾಯಿತು. ಬ್ರಾಸಿನೊಲೈಡ್ ಮಾತ್ರ ನೇರವಾಗಿ ಎಣ್ಣೆಕಾಳಿನ ಕೊಡುಗೆ: ಸಾಸಿವೆಯ ಕುಲದ ರೇಪ್ ಗಿಡದ ಪರಾಗದಿಂದ ಅದನ್ನು ಬೇರ್ಪಡಿಸಿ 1979ರಲ್ಲಿ ಅದರ ರಚನೆಯನ್ನು ಪ್ರಕಟಿಸಲಾಯಿತು.

ಇಳುವರಿಗೂ ಹಾರ್ಮೋನಿಗೂ ಇರುವ ನಂಟು

ಎಣ್ಣೆ ತಯಾರಿಸುವುದು ಗಿಡಕ್ಕೆ ದುಬಾರಿಯ ಕೆಲಸ. ಒಂದು ಗ್ರಾಂ ಪಿಷ್ಟಕ್ಕೆ ಒಂದೂಕಾಲು ಗ್ರಾಂಗಿಂತ ಕಡಿಮೆ ಗ್ಲೂಕೋಸ್ ಸಾಕು. ಒಂದು ಗ್ರಾಂ ಎಣ್ಣೆಗೆ ಸುಮಾರು ಮೂರು ಗ್ರಾಂ ಬೇಕು. ಶೇಂಗಾ ಮತ್ತು ಎಳ್ಳಿನ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಆದ್ದರಿಂದ ಭತ್ತ, ಗೋವಿನಜೋಳಗಳ ಕ್ವಿಂಟಲ್ ಲೆಕ್ಕವನ್ನು ಎಣ್ಣೆಕಾಳಿನಿಂದ ನಿರೀಕ್ಷಿಸುವಂತಿಲ್ಲ.

ಇಳುವರಿ ಸೋರಿಹೋಗುವ ಜಾಗಗಳು ಮೂರು. ಮೊದಲನೆಯದು ಹೂವು ಮತ್ತು ಎಳೆಗಾಯಿ ಉದುರುವುದು. ತೊಟ್ಟಿನ ಬುಡದ ಕಳಚುಪದರಕ್ಕೆ ಆಕ್ಸಿನ್ ಸಾಕಷ್ಟು ಹರಿದುಬರುತ್ತಿರುವವರೆಗೆ ಅದು ಗಟ್ಟಿಯಾಗಿರುತ್ತದೆ. ನೀರಿನ ಕೊರತೆ, ಬಿಸಿಲು, ಆಹಾರದ ಅಭಾವಗಳಿಂದ ಆಕ್ಸಿನ್ ತಗ್ಗಿ ಎಥಿಲೀನ್ ಹೆಚ್ಚಿದರೆ ಪದರ ಸಡಿಲಗೊಂಡು ಹೂ ಬೀಳುತ್ತದೆ. ಎರಡನೆಯದು ಸೊಪ್ಪು ಸೊಕ್ಕುವುದು. ಮೋಡ ಕವಿದ, ತೇವ ಹೆಚ್ಚಿದ, ಸಾರಜನಕ ಧಾರಾಳವಾಗಿರುವ ಹೊಲಗಳಲ್ಲಿ ಜಿಬ್ಬರೆಲಿನ್ ಪ್ರಭಾವದಿಂದ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ಆಹಾರ ಕಾಂಡದಲ್ಲೇ ಖರ್ಚಾಗುತ್ತದೆ. ಮೂರನೆಯದು ಎಲೆಗಳು ಬೇಗ ಹಣ್ಣಾಗಿ ಕಾಳು ತುಂಬುವ ಅವಧಿ ಮೊಟಕಾಗುವುದು. ಎಲೆಯನ್ನು ಹಸಿರಾಗಿ ಉಳಿಸುವ ಸೈಟೊಕೈನಿನ್ ಬೇರಿನಿಂದ ಮೇಲೇರುವುದರಿಂದ, ಬೇರು ಸೊರಗಿದ ಗಿಡದಲ್ಲಿ ಈ ನಷ್ಟ ಹೆಚ್ಚು.

ಬಗೆಗಳು

ಆಕ್ಸಿನ್ ವರ್ಗದಲ್ಲಿ ಹೊಲಕ್ಕೆ ಬರುವುದು ಮುಖ್ಯವಾಗಿ ನ್ಯಾಫ್ತಲೀನ್ ಅಸೆಟಿಕ್ ಆಮ್ಲ, ಅಂದರೆ ಎನ್‌ಎಎ. ಭಾರತದಲ್ಲಿ ಇದು ಶೇ. 4.5ರ ದ್ರವರೂಪದಲ್ಲಿ, ಪ್ಲಾನೋಫಿಕ್ಸ್ ಮೊದಲಾದ ಹೆಸರುಗಳಲ್ಲಿ ಸಿಗುತ್ತದೆ. ಇದರ ಸೋದರ 2,4-ಡಿ. ಪ್ರಮಾಣ ಏರಿದಾಗ ಆಕ್ಸಿನ್ ಹೇಗೆ ವಿಷವಾಗುತ್ತದೆ ಎಂಬುದಕ್ಕೆ ಅದೇ ನಿದರ್ಶನ: ಭತ್ತದಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಹೊಡೆದ 2,4-ಡಿ ಗಾಳಿಯಲ್ಲಿ ತೇಲಿ ಪಕ್ಕದ ಸೂರ್ಯಕಾಂತಿಗೆ ತಾಗಿದರೆ ಎಲೆ ಮುರುಟಿ, ತೆನೆ ವಕ್ರವಾಗುತ್ತದೆ.

ಜಿಬ್ಬರೆಲಿಕ್ ಆಮ್ಲ ಮೊಳಕೆ, ಕಾಂಡದ ನೀಳತೆ, ಹೂವಿನ ಲಿಂಗ ಇವುಗಳ ಮೇಲೆ ಪರಿಣಾಮ ಬೀರುತ್ತದೆ. ಇದರ ಉತ್ಪಾದನೆಯನ್ನು ಗಿಡದೊಳಗೆ ತಡೆಯುವವೇ ಕುಂಠಕಗಳು. ಸಿಸಿಸಿ ಎಂದು ಪರಿಚಿತವಾದ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಮತ್ತು ಮೆಪಿಕ್ವಾಟ್ ಕ್ಲೋರೈಡ್ ಈ ಸರಪಳಿಯನ್ನು ಆರಂಭದ ಹಂತದಲ್ಲೂ, ಪ್ಯಾಕ್ಲೊಬ್ಯುಟ್ರಜೋಲ್ ನಡುವಿನಲ್ಲೂ, ಪ್ರೊಹೆಕ್ಸಡಿಯೋನ್ ಕ್ಯಾಲ್ಸಿಯಂ ಕೊನೆಯಲ್ಲೂ ಕತ್ತರಿಸುತ್ತವೆ. ಪ್ಯಾಕ್ಲೊಬ್ಯುಟ್ರಜೋಲ್ ಮಣ್ಣಿನಲ್ಲಿ ದೀರ್ಘಕಾಲ ಉಳಿಯುವುದರಿಂದ ಅಲ್ಪಾವಧಿ ಬೆಳೆಗಳ ಹೊಲಕ್ಕೆ ಸೂಕ್ತವಲ್ಲ.

ಎಥೆಫಾನ್ (ಎಥ್ರೆಲ್) ಆಮ್ಲೀಯ ದ್ರಾವಣದಲ್ಲಿ ಸ್ಥಿರವಾಗಿದ್ದು, ಗಿಡದ ಕೋಶದೊಳಗೆ ಒಡೆದು ಎಥಿಲೀನ್ ಬಿಡುತ್ತದೆ. ಸೈಟೊಕೈನಿನ್‌ಗಳು ಬೆಲೆಯ ಕಾರಣಕ್ಕೆ ಹೊಲಕ್ಕಿಂತ ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲೇ ಹೆಚ್ಚು ಬಳಕೆಯಲ್ಲಿವೆ. ಹೋಮೋಬ್ರಾಸಿನೊಲೈಡ್ ಶೇ. 0.04ರ ದ್ರವವಾಗಿ ಮಾರಾಟದಲ್ಲಿದೆ. ಕುದುರೆಮಸಾಲೆ ಸೊಪ್ಪಿನ ಮೇಣದಲ್ಲಿರುವ ಟ್ರೈಕಾಂಟನಾಲ್ ಬೆಳವಣಿಗೆ ಹೆಚ್ಚಿಸುತ್ತದೆಂದು 1977ರಲ್ಲಿ ವರದಿಯಾದ ಮೇಲೆ ಭಾರತದಲ್ಲಿ ಅದರ ಮಾರುಕಟ್ಟೆ ಬೆಳೆಯಿತು. ಸ್ಯಾಲಿಸಿಲಿಕ್ ಆಮ್ಲ ಬರ ಮತ್ತು ರೋಗ ಸಹಿಷ್ಣುತೆಯ ಅಧ್ಯಯನಗಳಲ್ಲಿ ಪದೇ ಪದೇ ಬರುವ ಹೆಸರು.

ಶೇಂಗಾ

ನಿಯಂತ್ರಕಗಳ ಸಾಧ್ಯತೆಯೂ ಮಿತಿಯೂ ಒಟ್ಟಿಗೆ ಕಾಣುವ ಬೆಳೆ ಶೇಂಗಾ. ಇದರ ಹೂ ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಫಲಿತ ಹೂವಿನ ಬುಡದಿಂದ ಹೊರಟ ಸೂಜಿ ಮಣ್ಣನ್ನು ಹೊಗುವವರೆಗೂ ಒಳಗಿನ ಭ್ರೂಣ ಬಹುಮಟ್ಟಿಗೆ ಸುಪ್ತವಾಗಿರುತ್ತದೆ. ಕತ್ತಲು ಮತ್ತು ಮಣ್ಣಿನ ಒತ್ತಡ ಸಿಕ್ಕಿದ ಮೇಲೆ ಹಾರ್ಮೋನುಗಳ ಸಮತೋಲ ಬದಲಾಗಿ ಕಾಯಿ ಉಬ್ಬತೊಡಗುತ್ತದೆ. ಬಿಟ್ಟ ಹೂವುಗಳಲ್ಲಿ ಬಲಿತ ಕಾಯಿಯಾಗುವುದು ಸಣ್ಣ ಪಾಲು ಮಾತ್ರ. ತಡವಾಗಿ, ಗಿಡದ ಮೇಲ್ಭಾಗದಲ್ಲಿ ಬಿಟ್ಟ ಹೂವಿನ ಸೂಜಿ ನೆಲ ಮುಟ್ಟುವುದೇ ಇಲ್ಲ. ಗಿಡವನ್ನು ಗಿಡ್ಡವಾಗಿ, ಹೂಗಳನ್ನು ನೆಲಕ್ಕೆ ಹತ್ತಿರವಾಗಿ ಇರಿಸುವ ಕುಂಠಕಗಳ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಈ ಕಾರಣಕ್ಕೆ.

ಅಮೆರಿಕದಲ್ಲಿ ಹಬ್ಬುವ ಶೇಂಗಾದ ಬಳ್ಳಿಯನ್ನು ಹತೋಟಿಯಲ್ಲಿಡಲು ಡ್ಯಾಮಿನೋಜೈಡ್ ಬಳಕೆಯಲ್ಲಿತ್ತು. ಸುರಕ್ಷತೆಯ ವಿವಾದದ ನಂತರ 1989ರಲ್ಲಿ ಅದನ್ನು ಆಹಾರ ಬೆಳೆಗಳಿಂದ ಹಿಂತೆಗೆಯಲಾಯಿತು. ಈಗ ಅಲ್ಲಿ ಪ್ರೊಹೆಕ್ಸಡಿಯೋನ್ ಕ್ಯಾಲ್ಸಿಯಂ ಆ ಜಾಗದಲ್ಲಿದೆ. ಅಲ್ಲಿನ ಉದ್ದೇಶದಲ್ಲಿ ಯಂತ್ರದಿಂದ ಕೀಳುವಾಗ ಸಾಲು ಸ್ಪಷ್ಟವಾಗಿ ಕಾಣಬೇಕೆಂಬುದೂ ಒಂದು. ಕರ್ನಾಟಕದ ಗೊಂಚಲು ಜಾತಿಯ ಶೇಂಗಾಕ್ಕೆ ಆ ತೊಂದರೆ ಇಲ್ಲದ್ದರಿಂದ ಅಲ್ಲಿನ ಫಲಿತಾಂಶವನ್ನು ಇಲ್ಲಿಗೆ ಹಾಗೇ ತರಲಾಗದು.

ದಕ್ಷಿಣ ಭಾರತದಲ್ಲಿ ನಿಖರವಾಗಿ ಬರೆದಿಟ್ಟ ಶಿಫಾರಸು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ್ದು. ಹೆಕ್ಟೇರಿಗೆ 2.5 ಕಿಲೋ ಡಿಎಪಿ, 1 ಕಿಲೋ ಅಮೋನಿಯಂ ಸಲ್ಫೇಟ್, ಅರ್ಧ ಕಿಲೋ ಬೋರಾಕ್ಸ್ ಇವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, 350 ಮಿ.ಲೀ. ಪ್ಲಾನೋಫಿಕ್ಸ್ ಸೇರಿಸಿ, 500 ಲೀಟರಿಗೆ ತುಂಬಿಸಿ ಬಿತ್ತನೆಯ 25 ಮತ್ತು 35ನೇ ದಿನ ಸಿಂಪಡಿಸಬೇಕು. ಈ ಪಟ್ಟಿಯಲ್ಲಿ ನಿಯಂತ್ರಕ ಒಂಟಿಯಾಗಿ ಬಂದಿಲ್ಲ, ರಂಜಕ, ಸಾರಜನಕ, ಬೋರಾನುಗಳ ಜೊತೆಯಲ್ಲಿ ಬಂದಿದೆ ಎಂಬುದು ಗಮನಾರ್ಹ. ಅದೇ ವಿಶ್ವವಿದ್ಯಾಲಯ ಪೋಷಕಾಂಶ ಮತ್ತು ನಿಯಂತ್ರಕಗಳನ್ನು ಬೆರೆಸಿದ ಶೇಂಗಾ ಮಿಶ್ರಣವನ್ನೂ ರೂಪಿಸಿದೆ. ಎಕರೆಗೆ ಎರಡು ಕಿಲೋದಂತೆ ಹೂ ತುಂಬಿದಾಗ ಒಮ್ಮೆ, ಕಾಯಿ ತುಂಬುವಾಗ ಒಮ್ಮೆ ಅದನ್ನು ಕೊಡುತ್ತಾರೆ.

ಯಾವ ನಿಯಂತ್ರಕವೂ ತುಂಬಲಾಗದ ಕೊರತೆ ಸುಣ್ಣದ್ದು. ಎಲೆಗೆ ಹೋದ ಕ್ಯಾಲ್ಸಿಯಂ ಕೆಳಗಿಳಿದು ಕಾಯಿಗೆ ಬರುವುದಿಲ್ಲ. ಬೆಳೆಯುವ ಕಾಯಿ ತನ್ನ ಸುತ್ತಲಿನ ಮಣ್ಣಿನಿಂದ ಅದನ್ನು ನೇರವಾಗಿ ಹೀರಿಕೊಳ್ಳಬೇಕು. ಅದು ಸಿಗದಿದ್ದರೆ ಸಿಪ್ಪೆ ಬೆಳೆದು ಒಳಗೆ ಜೊಳ್ಳು ಉಳಿಯುತ್ತದೆ. ಸೂಜಿ ಇಳಿಯುವ ಹೊತ್ತಿಗೆ ಹೆಕ್ಟೇರಿಗೆ 500 ಕಿಲೋ ಜಿಪ್ಸಂ ಹಾಕಿ ಮಣ್ಣೇರಿಸುವ ಶಿಫಾರಸಿನ ತಳಹದಿ ಇದು.

ಸುಪ್ತಾವಸ್ಥೆ ಶೇಂಗಾದ ಇನ್ನೊಂದು ಹಾರ್ಮೋನು ಪ್ರಶ್ನೆ. ಟಿಎಂವಿ-2ರಂಥ ಗೊಂಚಲು ತಳಿಗಳ ಬೀಜಕ್ಕೆ ಬಲಿತ ಮೇಲೆ ವಿಶ್ರಾಂತಿಯೇ ಬೇಡ. ಕೀಳುವ ಮುನ್ನ ಮಳೆ ಬಿದ್ದರೆ ನೆಲದಲ್ಲೇ ಮೊಳೆಯುತ್ತವೆ. ಹಬ್ಬುವ ಜಾತಿಗಳಲ್ಲಿ ವಾರಗಟ್ಟಲೆ ಸುಪ್ತಾವಸ್ಥೆ ಇದ್ದು, ಬಿತ್ತನೆಗೆ ಅವಸರವಿದ್ದಾಗ ಎಥೆಫಾನಿನಿಂದ ಉಪಚರಿಸಿ ಎಬ್ಬಿಸಬೇಕಾಗುತ್ತದೆ. ಗೊಂಚಲು ಜಾತಿಗೆ ಮಾಲೆಯಿಕ್ ಹೈಡ್ರಜೈಡ್ ಸಿಂಪಡಿಸಿ ತಾತ್ಕಾಲಿಕ ನಿದ್ದೆ ಬರಿಸುವ ಪ್ರಯೋಗಗಳೂ ನಡೆದಿವೆ.

ಸೂರ್ಯಕಾಂತಿ

ಸೂರ್ಯಕಾಂತಿಯ ತೆನೆಯಲ್ಲಿ ಅಂಚಿನ ಕಾಳು ತುಂಬಿ ನಡುವಿನದು ಜೊಳ್ಳಾಗುವುದು ಸಾಮಾನ್ಯ ದೂರು. ಪರಾಗಸ್ಪರ್ಶದ ಕೊರತೆ, ಬೋರಾನ್ ಕೊರತೆ, ಆಹಾರ ನಡುವಿಗೆ ತಲುಪದಿರುವುದು ಮೂರೂ ಇದಕ್ಕೆ ಕಾರಣಗಳು. ಜೇನುನೊಣ ಬಾರದ ಹೊಲದಲ್ಲಿ ಎನ್‌ಎಎ ಹೊಡೆದು ಕಾಳು ತುಂಬಿಸಲಾಗದು. ಅಂಚಿನ ಹಳದಿ ಎಸಳು ಬಿಚ್ಚುವಾಗ ಶೇ. 0.2ರ ಬೋರಾಕ್ಸ್ ಸಿಂಪರಣೆ ಮತ್ತು ಬೆಳಗಿನ ಹೊತ್ತು ತೆನೆಗಳನ್ನು ಬಟ್ಟೆಯಿಂದ ಮೃದುವಾಗಿ ಸವರುವುದು ಕರ್ನಾಟಕದಲ್ಲಿ ಬಳಕೆಯಲ್ಲಿರುವ ಕ್ರಮಗಳು.

ಜಿಬ್ಬರೆಲಿಕ್ ಆಮ್ಲ ಈ ಬೆಳೆಯ ಇತಿಹಾಸದಲ್ಲಿ ಬೇರೆಯೇ ಪಾತ್ರ ವಹಿಸಿದೆ. ಮೊಗ್ಗಿನ ಹಂತದಲ್ಲಿ ಕೊಟ್ಟರೆ ಪರಾಗ ನಿಷ್ಫಲವಾಗುವುದರಿಂದ, ಗಂಡು ಬಂಜೆ ತಳಿ ಇಲ್ಲದಿದ್ದ ಕಾಲದಲ್ಲಿ ಮಿಶ್ರತಳಿ ಬೀಜೋತ್ಪಾದನೆಗೆ ಅದನ್ನು ಪ್ರಯೋಗಿಸಲಾಗಿತ್ತು. 1969ರಲ್ಲಿ ಫ್ರಾನ್ಸಿನ ಲೆಕ್ಲರ್ಕ್ ಅನುವಂಶೀಯ ಗಂಡು ಬಂಜೆತನವನ್ನು ವರದಿಮಾಡಿದ ಬಳಿಕ ಆ ದಾರಿ ಅನಗತ್ಯವಾಯಿತು. ಅದೇ ಮೂಲದ ಮುಂದುವರಿಕೆಯಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಬಿಎಸ್‌ಎಚ್-1, 1980ರಲ್ಲಿ ಭಾರತದ ಮೊದಲ ಸೂರ್ಯಕಾಂತಿ ಮಿಶ್ರತಳಿಯಾಗಿ ಹೊರಬಂತು.

ಇತರ ಬೆಳೆಗಳು

ಹರಳಿನ ಗೊನೆಯಲ್ಲಿ ಮೇಲೆ ಹೆಣ್ಣು ಹೂ, ಬುಡದಲ್ಲಿ ಗಂಡು ಹೂ. ಹೆಣ್ಣಿನ ಪಾಲು ಹೆಚ್ಚಿದಷ್ಟೂ ಕಾಯಿ ಹೆಚ್ಚು. ಸೌತೆಯಲ್ಲಿ ಗಂಡು ಹೂ ಹೆಚ್ಚಿಸುವ ಜಿಬ್ಬರೆಲಿನ್ ಹರಳಿನಲ್ಲಿ ಹೆಣ್ಣನ್ನು ಹೆಚ್ಚಿಸುತ್ತದೆಂದು 1961ರಲ್ಲಿ ಷಿಫ್ರಿಸ್ ತೋರಿಸಿದನು. ಒಂದು ಬೆಳೆಯ ಅನುಭವವನ್ನು ಇನ್ನೊಂದಕ್ಕೆ ಹೊಂದಿಸುವವರು ನೆನಪಿಡಬೇಕಾದ ವಿಷಯವಿದು.

ಎಳ್ಳು ಕೊನೆಯವರೆಗೂ ತುದಿಯಲ್ಲಿ ಹೂ ಬಿಡುತ್ತ ಹೋಗುವುದರಿಂದ ಕೆಳಗಿನ ಕಾಯಿ ಒಡೆದು ಸಿಡಿಯುವಾಗ ಮೇಲಿನವು ಹಸಿಯಾಗಿರುತ್ತವೆ. ಕುಂಠಕಗಳಿಂದ ಇದನ್ನು ಒಂದಿಷ್ಟು ಸರಿಹೊಂದಿಸುವ ಯತ್ನಗಳಾಗಿವೆ. ಬೀದರ್, ಬೆಳಗಾವಿ, ಧಾರವಾಡ ಭಾಗದ ಸೋಯಾಬೀನಿನಲ್ಲಿ ಹೂ ಉದುರುವಿಕೆ ಮತ್ತು ಗಿಡ ಬೀಳುವಿಕೆ ಮುಖ್ಯ ಗುರಿ. ಅಣ್ಣಿಗೇರಿಯ ಹೆಸರನ್ನೇ ತಳಿಗೆ ಪಡೆದ ಕುಸುಬೆ ಹಿಂಗಾರಿನ ಉಳಿದ ತೇವದಲ್ಲಿ ಬೆಳೆಯುವುದರಿಂದ ಅಲ್ಲಿ ನೀರು ಉಳಿಸುವ ದೃಷ್ಟಿಯಿಂದ ಸಿಸಿಸಿಯ ಪ್ರಯೋಗ ನಡೆದಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗದ ಸ್ನಾತಕೋತ್ತರ ಪ್ರಬಂಧಗಳಲ್ಲಿ ಇಂಥ ಕೆಲಸ ಸಾಕಷ್ಟಿದೆ. ಹುಚ್ಚೆಳ್ಳು ಮತ್ತು ಅಗಸೆಗೆ ಈ ಗಮನ ದಕ್ಕಿಲ್ಲ. ಯುರೋಪಿನ ಚಳಿಗಾಲದ ರೇಪ್ ಬೆಳೆಯಲ್ಲಿ ಮಾತ್ರ ನಿಯಂತ್ರಕ ವಾಡಿಕೆಯ ಸಿಂಪರಣೆಯಾಗಿ ನೆಲೆಗೊಂಡಿದೆ. ಅಲ್ಲಿ ಮೆಟ್ಕೊನಜೋಲ್, ಟೆಬ್ಯುಕೊನಜೋಲ್‌ನಂಥ ಶಿಲೀಂಧ್ರನಾಶಕಗಳೇ ಕುಂಠಕದ ಕೆಲಸವನ್ನೂ ಮಾಡುತ್ತವೆ.

ಪ್ರಮಾಣ ಮತ್ತು ಸಿಂಪರಣೆ

ಶೇ. 4.5ರ ಎನ್‌ಎಎ ಒಂದು ಮಿ.ಲೀ.ಯನ್ನು ನಾಲ್ಕೂವರೆ ಲೀಟರ್ ನೀರಿಗೆ ಬೆರೆಸಿದರೆ 10 ಪಿಪಿಎಂ ಆಗುತ್ತದೆ. ಶೇ. 50ರ ಸಿಸಿಸಿಯನ್ನು ಲೀಟರಿಗೆ ಎರಡು ಮಿ.ಲೀ. ಹಾಕಿದರೆ 1,000 ಪಿಪಿಎಂ, ಶೇ. 5ರ ಮೆಪಿಕ್ವಾಟ್ ಕ್ಲೋರೈಡಿನಲ್ಲಿ ಅದೇ ಸಾಂದ್ರತೆಗೆ 20 ಮಿ.ಲೀ. ಬೇಕು. ಡಬ್ಬಿಯ ಮೇಲಿನ ಶೇಕಡಾ ಪ್ರಮಾಣ ಓದದೆ ‘ಪಂಪಿಗೆ ಒಂದು ಮುಚ್ಚಳ’ ಎಂಬ ಲೆಕ್ಕ ಹಿಡಿದರೆ ಹತ್ತು ಪಟ್ಟು ಏರುಪೇರಾಗುವುದು ಇಲ್ಲಿಯೇ. ಎನ್‌ಎಎ ಹೆಚ್ಚಾದರೆ ಗಿಡ ಎಥಿಲೀನ್ ತಯಾರಿಸತೊಡಗಿ, ಉಳಿಸಬೇಕಾಗಿದ್ದ ಹೂವೇ ಉದುರುತ್ತದೆ.

ಬಿಸಿಲೇರುವ ಮುನ್ನ ಅಥವಾ ಸಂಜೆ, ಮಣ್ಣಿನಲ್ಲಿ ತೇವವಿರುವಾಗ ಸಿಂಪಡಿಸಬೇಕು. ಬಾಡಿದ ಗಿಡಕ್ಕೆ ಕುಂಠಕ ಕೊಡಬಾರದು. ಎಥೆಫಾನನ್ನು ಕ್ಷಾರೀಯ ದ್ರಾವಣದೊಂದಿಗೆ ಬೆರೆಸಿಟ್ಟರೆ ಎಥಿಲೀನ್ ಪಂಪಿನಲ್ಲೇ ಹಾರಿಹೋಗುತ್ತದೆ. ಕಳೆನಾಶಕ ಬಳಸಿದ ಪಂಪನ್ನು ಬೇರೆಯೇ ಇಡುವುದು ಕ್ಷೇಮ. ಫಲ ಅಳೆಯಲು ಹೊಲದಲ್ಲಿ ಸಿಂಪಡಿಸದ ಪಟ್ಟಿಯೊಂದನ್ನು ಬಿಟ್ಟು, ಒಣಗಿದ ಕಾಯಿಯ ತೂಕ ಮತ್ತು ನೂರು ಕಾಳಿನ ತೂಕ ಹೋಲಿಸಬೇಕು. ಎಲೆ ಕಡುಹಸಿರಾದದ್ದು ಇಳುವರಿಯ ಸಾಕ್ಷಿಯಲ್ಲ.

ಎಕ್ಕಂಬಿ ಮತ್ತು ಶಿರಸಿ ಸೀಮೆ

ಈ ಕ್ರಮಗಳು ಒಂದು ಸೀಮೆಗೆ ಹೇಗೆ ಹೊಂದುತ್ತವೆ ಎಂಬುದಕ್ಕೆ ಎಕ್ಕಂಬಿಯ ಸುತ್ತಲಿನ ಪ್ರದೇಶ ಒಂದು ಉದಾಹರಣೆ. ಶಿರಸಿಯಿಂದ ಹುಬ್ಬಳ್ಳಿಯತ್ತ ಹೋಗುವ ದಾರಿಯಲ್ಲಿರುವ ಎಕ್ಕಂಬಿ, ದಟ್ಟ ಮಲೆನಾಡು ಸಡಿಲಗೊಂಡು ಅರೆಮಲೆನಾಡಾಗುವ ಅಂಚಿನ ಊರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ರಾಜ್ಯದ ಒಂಬತ್ತನೆಯ ಕೃಷಿ ವಲಯವಾದ ಗುಡ್ಡಗಾಡು ವಲಯಕ್ಕೆ ಸೇರಿವೆ. ಅಡಿಕೆ ಮತ್ತು ಭತ್ತ ಇಲ್ಲಿನ ಮುಖ್ಯ ಬೆಳೆಗಳು. ಎಣ್ಣೆಕಾಳಿನ ಸ್ಥಾನ ಚಿಕ್ಕದು. ಈ ತಾಲೂಕುಗಳಿರುವ ಜಿಲ್ಲೆಯಲ್ಲಿ ಶೇಂಗಾದ ನೆಲೆ ಘಟ್ಟದ ಕೆಳಗೆ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಮರಳು ಮಿಶ್ರಿತ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ. ಘಟ್ಟದ ಮೇಲೆ ಭತ್ತದ ನಂತರ ನೀರು ಉಳಿಯುವ ಗದ್ದೆಗೆ ಅದೇ ಕ್ರಮ ಅನ್ವಯವಾಗುತ್ತದೆ.

ಇಲ್ಲಿನ ಸ್ಥಿತಿಗೆ ತಕ್ಕಂತೆ ನೋಡಿದರೆ ನಿಯಂತ್ರಕದ ಸರದಿ ಬರುವುದು ತಡವಾಗಿ. ಹೆಚ್ಚು ಮಳೆಗೆ ತೊಳೆದುಹೋದ ಹುಳಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಮತ್ತು ಬೋರಾನ್ ಕಡಿಮೆ. ಸುಣ್ಣ, ಜಿಪ್ಸಂ, ಬೋರಾಕ್ಸ್ ಮೊದಲು, ಎನ್‌ಎಎ ಆಮೇಲೆ. ಭತ್ತದ ಗದ್ದೆಗೆ ಹೊಸದಾಗಿ ಶೇಂಗಾ ಹಾಕುವಾಗ ರೈಜೋಬಿಯಂ ಬೀಜೋಪಚಾರ ಬೇಕು. ಆ ಸೂಕ್ಷ್ಮಜೀವಿ ಸಾರಜನಕ ಕೊಡುವುದಲ್ಲದೆ ತಾನೂ ಆಕ್ಸಿನ್ ತಯಾರಿಸುತ್ತದೆ. ಧನುರ್ಮಾಸದ ಚಳಿಯಲ್ಲಿ ಬಿತ್ತಿದ ಬೀಜ ನಿಧಾನವಾಗಿ ಮೊಳೆಯುತ್ತದೆ. ತಡಮಾಡಿ ಬಿತ್ತಿದರೆ ಕೀಳುವ ಹೊತ್ತಿಗೆ ಮುಂಗಾರುಪೂರ್ವ ಮಳೆ ಬಂದು ಕಾಯಿ ನೆಲದಲ್ಲೇ ಮೊಳೆಯುವ ಅಪಾಯವಿದೆ.

ನಿಯಂತ್ರಕಗಳ ಬಳಕೆ ಈ ಸೀಮೆಗೆ ಹೊಸದೇನಲ್ಲ. ಬನವಾಸಿ ಸುತ್ತಿನ ಅನಾನಸ್ ಬೇಸಾಯ ಎಥೆಫಾನ್ ಇಲ್ಲದೆ ನಡೆಯುವುದು ಕಷ್ಟ. 35ರಿಂದ 40 ಎಲೆ ಬಂದ ಗಿಡದ ಸುಳಿಗೆ 25 ಪಿಪಿಎಂ ಎಥೆಫಾನ್, ಶೇ. 2ರ ಯೂರಿಯಾ ಮತ್ತು ಶೇ. 0.04ರ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣವನ್ನು 50 ಮಿ.ಲೀ. ಸುರಿದರೆ ತೋಟಪೂರ್ತಿ ಒಟ್ಟಿಗೆ ಹೂ ಬಿಡುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ದ್ರಾವಣದ ಹುಳಿ ತಗ್ಗಿಸಿ ಎಥಿಲೀನ್ ಬಿಡುಗಡೆಯನ್ನು ಚುರುಕುಗೊಳಿಸುತ್ತದೆ. ಅನಾನಸಿನಲ್ಲಿ ಗುರಿ ಒಂದೇ, ಅದೂ ಕಣ್ಣಿಗೆ ಕಾಣುವಂಥದು. ಹೂ ಬಂತೋ ಇಲ್ಲವೋ ಎಂಬುದು ವಾರಗಳಲ್ಲಿ ಗೊತ್ತಾಗುತ್ತದೆ. ಶೇಂಗಾದಲ್ಲಿ ಹತ್ತು ಅಂಶಗಳ ನಡುವೆ ನಿಯಂತ್ರಕದ ಪಾಲನ್ನು ಬಿಡಿಸಿ ನೋಡಬೇಕಾಗುವುದರಿಂದ ಅನಾನಸಿನ ಖಚಿತತೆಯನ್ನು ಅಲ್ಲಿ ಹುಡುಕಬಾರದು. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧೀನದ ಕೃಷಿ ವಿಜ್ಞಾನ ಕೇಂದ್ರವಿದ್ದು, ಮಣ್ಣು ಪರೀಕ್ಷೆ ಮತ್ತು ಬೆಳೆ ಸಲಹೆಗೆ ಹತ್ತಿರದ ನೆಲೆಯಾಗಿದೆ.

ಕಾನೂನು

ಭಾರತದಲ್ಲಿ ಎನ್‌ಎಎ, ಜಿಬ್ಬರೆಲಿಕ್ ಆಮ್ಲ, ಸಿಸಿಸಿ, ಎಥೆಫಾನ್ ಮೊದಲಾದ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನೋಂದಣಿಯಾದ ಪ್ರತಿ ಉತ್ಪನ್ನದ ಚೀಟಿಯಲ್ಲಿ ಯಾವ ಬೆಳೆಗೆ, ಎಷ್ಟು, ಎಂದು ಕೊಡಬೇಕೆಂಬುದು ಇರಬೇಕು. ಪಟ್ಟಿಯಲ್ಲಿಲ್ಲದ ಬೆಳೆಗೆ ಅದು ಮಾನ್ಯ ಶಿಫಾರಸಲ್ಲ. ಜೈವಿಕ ಉತ್ತೇಜಕಗಳು ಬಹುಕಾಲ ಯಾವ ಕಾನೂನಿಗೂ ಸಿಕ್ಕದೆ ಮಾರಾಟವಾದವು. ಫೆಬ್ರವರಿ 2021ರಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಅವನ್ನು ಅದರ ಅಡಿಗೆ ಸೇರಿಸಲಾಯಿತು.

ಈಗಿನ ಸ್ಥಿತಿ

ಕೇಂದ್ರ ಸರ್ಕಾರ 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತ್ತು. ಅಕ್ಟೋಬರ್ 2024ರಲ್ಲಿ ಒಪ್ಪಿಗೆ ಪಡೆದ ಖಾದ್ಯತೈಲ–ಎಣ್ಣೆಕಾಳು ರಾಷ್ಟ್ರೀಯ ಮಿಷನ್‌ನ ವೆಚ್ಚ 10,103 ಕೋಟಿ ರೂಪಾಯಿ; 2022-23ರಲ್ಲಿ 390 ಲಕ್ಷ ಟನ್ ಇದ್ದ ಉತ್ಪಾದನೆಯನ್ನು 2030-31ಕ್ಕೆ 697 ಲಕ್ಷ ಟನ್ನಿಗೆ ಏರಿಸುವುದು ಅದರ ಗುರಿ. ಅದರ ಒತ್ತು ಉತ್ತಮ ಬೀಜ, ಭತ್ತದ ನಂತರ ಖಾಲಿ ಬೀಳುವ ಗದ್ದೆ ಮತ್ತು ಅಂತರಬೆಳೆಗಳ ಮೇಲಿದೆ.

ಸಿಂಪರಣೆಯಿಂದ ಸಾಧಿಸಲು ಹೊರಟಿದ್ದನ್ನು ತಳಿಯೊಳಗೇ ತರುವ ಕೆಲಸ ಬೇರೊಂದು ದಿಕ್ಕಿನಲ್ಲಿ ನಡೆದಿದೆ. ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸೇರಿದಂತೆ ಹಲವು ಸಂಸ್ಥೆಗಳ ತಳಿ ವಿಜ್ಞಾನಿಗಳು ಎರಡು ಮೂರು ವಾರ ಮಾತ್ರ ಮಲಗುವ ಬೀಜವುಳ್ಳ ಅಲ್ಪಾವಧಿ ಗೊಂಚಲು ಶೇಂಗಾವನ್ನು ರೂಪಿಸುತ್ತಿದ್ದಾರೆ. ಅಂಥ ತಳಿಯಿದ್ದರೆ ಏಪ್ರಿಲ್–ಮೇ ತಿಂಗಳ ಮಳೆಗೆ ಕೀಳುವ ಮುನ್ನವೇ ಮೊಳೆಯುವ ಕಾಯಿಗೆ ಮಾಲೆಯಿಕ್ ಹೈಡ್ರಜೈಡ್ ಹೊಡೆಯಬೇಕಾಗುವುದಿಲ್ಲ.